ಗುಂಡವ್ವನ ಎಡಮಗ್ಗುಲು

ಬೆಳಗಾವಿಯ ಅನಗೋಳದಲ್ಲಿದ್ದ ನಾಟಕ ಕಂಪನಿಯ ಬಿಡಾರದಿಂದ ಹೊರಬಿದ್ದು ಓಣಿ ತಿರುಗುವಷ್ಟರಲ್ಲಿ, ತಾನು ಹೇಗೆ ನಡೆಯುತ್ತಿದ್ದೇನೆ ಎಂಬ ಅನುಮಾನ ಸಾವಂತ್ರವ್ವನಿಗೆ ಬಂತು. ಅನುಮಾನ ಬಂದದ್ದೇ ತಡ, ಕಾಲು ನಿಂತುಬಿಟ್ಟಿತು. ಮುಂದೆ ಯಾವ ಕಾಲು ಇಡಬೇಕು, ಕೈ ಬೀಸಬೇಕೋ ಸೆರಗಿನೊಳಗೆ ಇಟ್ಟುಕೊಳ್ಳಬೇಕೋ ಒಂದೂ ತಿಳಿಯದೆ ಅವಳು ಯಾರದೋ ಹಿತ್ತಿಲ ಗೋಡೆಗೆ ಕೈಯೂರಿ ನಿಂತಳು. ನಲವತ್ತಕ್ಕೆ ಬಂದ ಹೆಂಗಸು ನಡೆಯುವುದನ್ನು ಮರೆಯುವುದುಂಟೆ? ರಾಣಿಯ ಪಾತ್ರ ಮಾಡುತ್ತಿದ್ದಾಗ ಈ ಪಾಡು ಇರಲಿಲ್ಲ. ರಂಗದ ಮೇಲೆ ರಾಣಿಯ ನಡಿಗೆ, ಇಳಿದರೆ ತನ್ನದು. ಬಣ್ಣ ತೊಳೆದರೆ ರಾಣಿ ಬಚ್ಚಲಿನ ನೀರಿನ ಜೊತೆ ಹರಿದುಹೋಗುತ್ತಿದ್ದಳು. ಈಗ ಅವಳು ಮಾಡುವ ಹಾಸ್ಯದ ಮುದುಕಿ ಗುಂಡವ್ವ ಹಾಗಲ್ಲ. ಗುಂಡವ್ವನಿಗೆ ಬಣ್ಣವೇ ಇಲ್ಲ. ತಲೆಗೊಂದು ಕೆದರಿದ ಬಿಳಿ ಕೂದಲು, ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿದ ಸೀರೆ, ಅಷ್ಟೆ. ಉಳಿದದ್ದೆಲ್ಲ ನಡಿಗೆ. ಮೈ ಬಲಕ್ಕೆ ವಾಲಿಸಿ, ಎಡಗಡೆ ಯಾರಿಗೋ ದಾರಿ ಬಿಟ್ಟ ಹಾಗೆ ಓರೆಯಾಗಿ ಸರಿದುಹೋಗುವ ನಡಿಗೆ. ಎಡಕ್ಕೆ ಬಗ್ಗಿ ಗುಣುಗುಣು ಮಾತಾಡುವುದು. ಅವಳ ಬೆನ್ನು ಹತ್ತಿದ, ಮಂದಿಗೆ ಕಾಣದ ಒಂದು ನಾಯಿ. ಅದಕ್ಕೆ ಬೈದು ಬೈದು ಸಾಕಾಗಿ ಕೊನೆಗೊಂದು ಒದೆ. ಆ ಒದೆಗೆ ಥೇಟರಿನ ತಗಡು ಹಾರಿಹೋಗುವ ಹಾಗೆ ಜನ ನಗುತ್ತಿದ್ದರು.

ಅವಳು ಹೊರಟದ್ದು ರವಿವಾರ ಪೇಟೆಗೆ, ಖಾನಾಪುರದಲ್ಲಿದ್ದ ಅಕ್ಕನಿಗೊಂದು ಸೀರೆ ತರಲು. ಕಂಪನಿ ಖಾನಾಪುರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಮೊದಲನೆಯದೇ ಹೆಂಗಸರಿಗಾಗಿ ಮಧ್ಯಾಹ್ನದ ಆಟ. ಮಾಲಕ ನಾಗಲಿಂಗಪ್ಪ ಹ್ಯಾಂಡಬಿಲ್ಲು ಅಚ್ಚು ಹಾಕಿಸಿಕೊಂಡು ಬಂದು, ಎಲ್ಲರಿಗಿಂತ ಮೊದಲು ಅವಳಿಗೆ ತೋರಿಸಿದ್ದ. ಮುಂಚೆ 'ಸಾವಿತ್ರಿಬಾಯಿ ಖಾನಾಪುರಕರ' ಎಂದು ಅವಳ ರಂಗದ ಹೆಸರು ದಪ್ಪಕ್ಷರದಲ್ಲಿ ಇರುತ್ತಿದ್ದ ಕಡೆ ಈಗ 'ಗುಂಡವ್ವ' ಎಂದಿತ್ತು. ಅವಳ ಹೆಸರು ಕೆಳಗೆ, ಹಾರ್ಮೋನಿಯಂ ಪೇಟಿ ಬಾರಿಸುವವನ ಹೆಸರಿನ ಮೇಲೆ.

"ಮಾಲಕರ, ಖಾನಾಪುರದಾಗ ಒಂದ ಆಟ ನಾ ರಾಣಿ ಮಾಡ್ತೀನ್ರಿ" ಎಂದು ಅವಳು ಕೇಳಿದ್ದಳು.

"ನೀವ ರಾಣಿ ಆದ್ರ, ಈಗ ರಾಣಿ ಮಾಡೂ ಬಾಳವ್ವ ಏನ ಮಾಡ್ಬೇಕ್ರಿ ಬಾಯಾರ? ಮತ್ತ ಅಲ್ಲಿ ಮಂದಿ ಗುಂಡವ್ವ ನಮ್ಮ ಊರಾಕಿ ಅಂತ ಹೆಮ್ಮಿಲೆ ಕಾಯಾಕತ್ತಾರ."

"ನಮ್ಮ ಊರು ಅಂತನ ಬ್ಯಾಡ ಅನ್ನಾಕತ್ತೀನಿ."

"ಯಾಕ?" ನಾಗಲಿಂಗಪ್ಪ ನಿಜವಾಗಿ ತಿಳಿಯದೆ ಕೇಳಿದ. ಅವನು ಕೆಟ್ಟವನಲ್ಲ. ಅವಳ ದನಿ ಇಳಿದು ಸೊಂಟ ದಪ್ಪಗಾದಾಗ ಬೇರೆ ಮಾಲಕನಾಗಿದ್ದರೆ ಗಂಟುಮೂಟೆ ಕಟ್ಟಿಸಿ ಕಳಿಸಿಬಿಡುತ್ತಿದ್ದ. ಯಾಕೆ ಎಂಬುದಕ್ಕೆ ಅವಳ ಬಾಯಿಗೆ ಉತ್ತರ ಬಂತು, ಆದರೆ ಅದು ಗುಂಡವ್ವನ ದನಿಯಲ್ಲಿ ಬರುತ್ತಿದೆ ಅನ್ನಿಸಿ ಹಾಗೇ ನುಂಗಿಕೊಂಡಿದ್ದಳು.

ಅರಿವೆ ಅಂಗಡಿಯ ಗಾದಿಯ ಮೇಲೆ ಶ್ರೀಪಾಲ ಕೂತಿದ್ದ. ಇವಳನ್ನು ಕಂಡವನೇ ಲೋಡಿಗೆ ಒರಗಿದ್ದವನು ಎದ್ದು, "ಬರ್ರಿ, ಬರ್ರಿ, ಗುಂಡವ್ವಾರ!" ಎಂದ. ಸೀರೆ ತೆಗೆಸುತ್ತಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಇದೇ ಶ್ರೀಪಾಲ ಹಿಂದೊಮ್ಮೆ, ರಾಣಿ ತನ್ನ ಕೋಟೆಯ ಕೀಲಿಗೊಂಚಲನ್ನು ಗೆದ್ದವನ ಕೈಗೆ ಹಾಕುವ ದೃಶ್ಯದಲ್ಲಿ, ಮುಂದಿನ ಸಾಲಿನ ಕುರ್ಚಿಯಿಂದ ಎದ್ದುನಿಂತು ಕೈಮುಗಿದಿದ್ದ. ಮರುದಿನ ಬಿಡಾರಕ್ಕೆ ಬಂದವನು ಚಾಪೆಯ ಮೇಲೆ ಕೂರಲು ಒಲ್ಲದೆ, "ನಿಮ್ಮ ಮುಂದ ಹೆಂಗ ಕುಂದರೂದ್ರಿ" ಎಂದು ನಿಂತೇ ಮಾತಾಡಿಸಿ ಹೋಗಿದ್ದ. ಆ ರಾಣಿಗಾಗಿ ಅವಳು ಬೆಳಗಾವಿ ಕೋಟೆಯ ಬಾಗಿಲಿಗೆ ಹೋಗಿ ಬಿಸಿಲಿನಲ್ಲಿ ನಿಂತು ಬರುತ್ತಿದ್ದಳು. ಅಷ್ಟು ದೊಡ್ಡ ಕಲ್ಲುಗಳು ಎಷ್ಟೋ ವರ್ಷದಿಂದ ಯಾರ ಆಸರೆಯೂ ಇಲ್ಲದೆ ಹೇಗೆ ನಿಂತಿವೆಯೋ ಹಾಗೆ ನಿಲ್ಲಬೇಕೆಂದು. ರಾಣಿಯನ್ನು ಅವಳು ಯಾರ ಮೈಯಿಂದಲೂ ಬಿಡಿಸಿಕೊಂಡು ಬಂದಿರಲಿಲ್ಲ. ಕಲ್ಲಿಗೆ ನೋವಾಗುವುದಿಲ್ಲವಲ್ಲ.

"ಒಮ್ಮೆ ಆ ನಾಯಿ ಒದಿಯೂದು ತೋರಸ್ರೆಲಾ" ಎಂದ ಶ್ರೀಪಾಲ. "ನಮ್ಮ ಮನ್ಯಾಗಿನವರು ನೋಡಿಲ್ರಿ. ಒಳಗ ಬಾಗಲಾಗ ನಿಂತಾರ."

ಪರದೆಯ ಸಂದಿಯಲ್ಲಿ ಬಳೆ ತುಂಬಿದ ಒಂದು ಕೈ ಕಾಣುತ್ತಿತ್ತು. ಅಂಗಡಿಯಲ್ಲಿ ಹೇಗ್ರಿ, ಬ್ಯಾಡ್ರಿ ಎನ್ನಬೇಕೆಂದುಕೊಂಡಳು. ಎನ್ನುತ್ತಿದ್ದೇನೆಂದೇ ತಿಳಿದಿದ್ದಳು. ಆದರೆ ಅದಕ್ಕೆ ಮುಂಚೆಯೇ ಮೈ ಬಲಕ್ಕೆ ವಾಲಿ, ಕುತ್ತಿಗೆ ಎಡಕ್ಕೆ ಬಗ್ಗಿ, ಗಾದಿಯ ಅಂಚಿನಲ್ಲಿ ಗುಂಡವ್ವ ಸರಿದು ಹೋಗುತ್ತಿದ್ದಳು. "ನನ್ನ ಬೆನ್ನ ಬಿಡೂದುಲ್ಲೇನು ನೀ? ಸುಡಗಾಡ ತನಕಾ ಬರಾಂವೇನು? ಹಚ್ಚಾ!" ಎಡಗಾಲು ಝಾಡಿಸಿತು. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡರು. ಪರದೆಯ ಹಿಂದಿನ ಬಳೆಗಳು ಗಲಗಲ ಅಲ್ಲಾಡಿದವು. ಶ್ರೀಪಾಲ ಕಣ್ಣೊರೆಸಿಕೊಳ್ಳುತ್ತ ಅವಳು ಆರಿಸಿದ ಸೀರೆಯ ಮೇಲೆ ಒಂದು ಕುಪ್ಪಸದ ಖಣ ಇಟ್ಟು, "ಇದು ಗುಂಡವ್ವಗ ನಮ್ಮ ಕಡಿಂದ" ಎಂದ. ಎಲ್ಲಕ್ಕಿಂತ ಹೇಸಿಗೆಯೆಂದರೆ, ಆ ನಗು ಕೇಳಿ ಅವಳ ಮೈ ಬೆಚ್ಚಗಾದದ್ದು. ಶ್ರೀಪಾಲ ಎದ್ದುನಿಂತು ಕೈಮುಗಿದ ದಿನ ಕೂಡ ಹೀಗಾಗಿರಲಿಲ್ಲ. ಆ ದಿನ ಭಯವಾಗಿತ್ತು. ಇವರು ನಗುವುದು ಗುಂಡವ್ವನಿಗೋ, ಇಂಥವಳು ಹೀಗಾದಳಲ್ಲ ಎಂದು ತನಗೋ? ಪೇಟೆಯ ತುಂಬ ಅದನ್ನೇ ತಿರುವಿ ಹಾಕುತ್ತ ನಡೆದಳು. ಯಾವ ನಡಿಗೆಯಲ್ಲಿ ನಡೆದಳೋ ಅವಳಿಗೇ ಗೊತ್ತಾಗಲಿಲ್ಲ.

ಲೋಂಡಾ ಕಡೆಯ ರೈಲುಗಾಡಿಯಲ್ಲಿ ಕಂಪನಿಯ ಪರದೆ, ಪೆಟ್ಟಿಗೆಗಳ ನಡುವೆ ಕಿಟಕಿಗೆ ಕೂತಾಗ, ಖಾನಾಪುರ ಇಷ್ಟು ಹತ್ತಿರವೇ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟು ಹತ್ತಿರವಿದ್ದೂ ಬಂದು ಎಷ್ಟು ವರ್ಷವಾಗಿತ್ತು. ಮಾನಮೋಡಿ ಜ್ವರ ಬಂದು ಊರೂರು ಬರಿದಾದ ಆ ವರ್ಷ ಕಂಪನಿ ದೂರದ ಸೀಮೆಯಲ್ಲಿತ್ತು. ಅಕ್ಕ ಭರಮವ್ವನ ಒಬ್ಬನೇ ಮಗ ಬೀರ್ಯಾ ಆ ಜ್ವರದಲ್ಲಿ ಹೋದ. ಬೀರಣ್ಣ ಎಂದು ಹೆಸರಿಟ್ಟಿದ್ದರೂ ಎಲ್ಲರ ಬಾಯಲ್ಲಿ ಬೀರ್ಯಾ. ಅವ್ವನ ಸೆರಗು ಹಿಡಿದುಕೊಂಡೇ ಓಡಾಡುವ ಕೂಸು. ಸುದ್ದಿ ಮುಟ್ಟಿ ಅವಳು ಬಂದದ್ದು ಎಲ್ಲ ಮುಗಿದ ಮೇಲೆ. ಮಲಪ್ರಭೆಗೆ ನೀರಿಗೆ ಹೊರಟ ಅಕ್ಕನ ಹಿಂದೆ ತಾನೂ ಒಂದು ಕೊಡ ಹಿಡಿದು ಹೊರಟಿದ್ದಳು. ಮುಂದೆ ಅಕ್ಕ ಓರೆಯಾಗಿ, ಎಡಗಡೆ ಜಾಗ ಬಿಟ್ಟುಕೊಂಡು, ಆಗಾಗ ಎಡಕ್ಕೆ ಬಗ್ಗಿ ಏನೋ ಹೇಳುತ್ತ ನಡೆಯುತ್ತಿದ್ದಳು. ಕಣ್ಣಿನಲ್ಲಿ ನೀರು ತುಂಬಿಕೊಂಡು ಅದನ್ನು ನೋಡುತ್ತಿದ್ದ ಸಾವಂತ್ರವ್ವನಿಗೆ ಒಮ್ಮೆಲೆ ಗಮನಕ್ಕೆ ಬಂತು, ತನ್ನ ಕಾಲೂ ಹಾಗೇ ಓರೆಯಾಗಿ ಬೀಳುತ್ತಿದೆ. ಅಳುತ್ತಲೇ ಅವಳ ಮೈ ಪಾಠ ಕಲಿಯುತ್ತಿತ್ತು. ಅಕ್ಕನಿಗೆ ಬೆನ್ನು ನೋವಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದಳು.

ಗುಂಡವ್ವ ಹುಟ್ಟಿದ್ದು ಆಮೇಲೆ ಎಷ್ಟೋ ಕಾಲಕ್ಕೆ. ರಾಣಿಯ ಪಾತ್ರ ಬಾಳವ್ವನಿಗೆ ಹೋದ ವಾರ, ಅಂಕದ ನಡುವೆ ಬರುವ ಹಾಸ್ಯದಲ್ಲಿ ದಾರಿ ದಾಟಿ ಹೋಗುವ ಮುದುಕಿಯ ಕೆಲಸ ಅವಳಿಗೆ ಕೊಟ್ಟರು. ಮಾತೇ ಇರಲಿಲ್ಲ. ದಾಟಿ ಹೋಗುವುದು, ಅಷ್ಟೆ. ರಂಗದ ಬದಿಯ ವಿಂಗಿನಲ್ಲಿ ನಿಂತಾಗ ಅವಳಿಗೆ ಅವಮಾನದಿಂದ ತಲೆ ಖಾಲಿಯಾಗಿತ್ತು. ಹೇಗೆ ದಾಟಬೇಕೆಂದು ಏನೂ ಹೊಳೆಯದೆ ರಂಗದ ಮೇಲೆ ಕಾಲಿಟ್ಟಳು. ಕಾಲಿಗೆ ಮಾತ್ರ ಗೊತ್ತಿತ್ತು. ಓರೆಯಾಗಿ ಅದು ನಡೆಯಿತು, ಜನ ನಕ್ಕರು. ಮುಂದೊಂದು ದಿನ ಪರದೆಯ ಹಗ್ಗ ಎಡಗಾಲಿಗೆ ಸುತ್ತಿಕೊಂಡಾಗ ಕಾಲು ಝಾಡಿಸಿ "ಹಚ್ಚಾ" ಎಂದಳು. ನಾಗಲಿಂಗಪ್ಪ ಓಡಿಬಂದು, "ಅದನ್ನ ಬಿಡಬ್ಯಾಡ್ರಿ, ನಾಯಿ ಅಂತ ಮಾಡೂಣು" ಎಂದ. ಹಾಗೆ ನಾಯಿ ಬಂತು.

ಅವಳು ಮನೆ ಮುಟ್ಟಿದಾಗ ಭರಮವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಅವಳ ಗಂಡ ಕುರಿಹಿಂಡಿನ ಜೊತೆ ಹೊರಗೇ ಇರುತ್ತಿದ್ದ. ಬಾಜು ಮನೆಯ ಮರಾಠಿ ಹೆಂಗಸು ಇವಳನ್ನು ಕಂಡು, "ಆಲೀಸ ಕಾ ಗ, ಗುಂಡವ್ವ!" ಎಂದು, ಬಂದೆಯಾ ಎಂಬುದನ್ನು ತನ್ನ ಮಾತಿನಲ್ಲೇ ಕೇಳಿ, ನಗುತ್ತ ಒಳಗೆ ಹೋದಳು. ಅಕ್ಕ ಕದಿರು ಕೆಳಗಿಟ್ಟು, "ಬಾ. ಕಾಲ ತೊಳಕೊ" ಎಂದಳು. ಅಕ್ಕನ ಮುಖದಲ್ಲಿ ಹುಚ್ಚು ಹುಡುಕಿಕೊಂಡು ಬಂದಿದ್ದವಳಿಗೆ ಏನೂ ಸಿಗಲಿಲ್ಲ. ಕೂದಲು ನೆರೆತಿತ್ತು, ಆದರೆ ಎಣ್ಣೆ ಹಚ್ಚಿ ಬಾಚಿತ್ತು. ಮನೆ ಸಾರಿಸಿತ್ತು. ರೊಟ್ಟಿ, ಮೊಸರು, ಹಸಿ ಖಾರ ಬಡಿಸಿ ಎದುರಿಗೆ ಕೂತು, ಸೀರೆಯ ಸೆರಗು ಬಿಡಿಸಿ ನೋಡಿ, "ಬಣ್ಣ ಚಲೋ ಐತಿ" ಎಂದಳು. ಸಾವಂತ್ರವ್ವ ರೊಟ್ಟಿ ಮುರಿಯುತ್ತ, ಹೇಗೆ ಶುರು ಮಾಡಬೇಕೆಂದು ಹುಡುಕುತ್ತಿದ್ದಾಗ ಅಕ್ಕನೇ ಕೇಳಿದಳು:

"ಆಟಕ್ಕ ಬರಬ್ಯಾಡ ಅಂತ ಹೇಳಾಕ ಬಂದೀಯೇನು?"

ಸಾವಂತ್ರವ್ವ ಮುರಿದ ತುತ್ತನ್ನು ತಾಟಿಗೇ ಹಾಕಿದಳು. "ಹಂಗೇನಿಲ್ಲಕ್ಕಾ."

"ಬಾಜು ಮನ್ಯಾಕಿ ಬೆಳಗಾಂವಿಗೆ ಹೋಗಿ ನೋಡಿ ಬಂದ್ಲು. ಬಂದಾಕಿನ ಓಣ್ಯಾಗ ಮಾಡಿ ತೋರಿಸಿದ್ಲು. ಎಲ್ಲಾರೂ ನಕ್ರು. ನಾನೂ ನಕ್ಕೆ, ಖರೇನ. ಆಮ್ಯಾಲ ನೀರಿಗೆ ಹೊಂಟಾಗ ನೋಡ್ತೀನಿ, ಹಿಂದ ಎಲ್ಲಾರೂ ಕಿಸಿಕಿಸಿ ನಗಾಕತ್ತಾರ. ಆವಾಗ ತಿಳೀತು ನನಗ, ಅದು ನಾನು ಅಂತ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು.

"ನಿನಗ ಬೆನ್ನ ನೋವಂತ ತಿಳದಿದ್ದೆ ನಾನು."

"ಬೆನ್ನ ಗಟ್ಟಿ ಐತಿ ನಂದು." ಭರಮವ್ವ ಇನ್ನೊಂದು ರೊಟ್ಟಿ ತಾಟಿಗೆ ಹಾಕಿದಳು. "ಬೀರ್ಯಾಗ ಜಾಗಾ ಬಿಡ್ತೀನಿ. ಯಾವಾಗ್ಲೂ ಎಡಕ್ಕ ಬರ್ತಿದ್ದ ಅಂವಾ. ಅಂವಾ ಸತ್ತಾನ ಅನ್ನೂದು ನನಗ ಗೊತ್ತಿಲ್ಲಂತ ತಿಳದೀಯೇನು? ನನ್ನ ಕೈಯಾರೆ ಮಣ್ಣ ಕೊಟ್ಟೀನಿ. ಆದ್ರೂ ಬಿಡ್ತೀನಿ. ದಾರಿ ಅಗಲ ಐತಿ, ಯಾರಿಗೇನ ಅಡ್ಡಿ?"

ಕ್ಷಮಿಸು ಎನ್ನುವುದಕ್ಕೆ ರಾಣಿಯ ಪಾತ್ರದಲ್ಲಿ ಒಂದು ಮಾತಿತ್ತು, ಮಂಡಿಯೂರಿ ಹೇಳುವಂಥದು; ಸಾವಂತ್ರವ್ವನಿಗೆ ಈಗ ಅದೊಂದೇ ನೆನಪಿಗೆ ಬಂತು, ಮತ್ತು ಅದು ಇಲ್ಲಿ ಎಷ್ಟು ಸುಳ್ಳಾಗಿ ಕೇಳಿಸುವುದೆಂದು ಗೊತ್ತಾಗಿ ಅದನ್ನು ಬಿಟ್ಟಳು.

"ಗುಂಡವ್ವನ್ನ ಬಿಟ್ಟಬಿಡ್ತೀನಕ್ಕಾ" ಎಂದಳು ಕೊನೆಗೆ.

"ಬಿಟ್ಟ ಏನ ತಿಂತಿ? ಮಾಡ್ಕೊ. ನನ್ನಂಗ ನಡದ್ರ ನಂದೇನ ಸವೀತೈತಿ?" ಅಕ್ಕ ಎದ್ದು ಕೈ ಒರೆಸಿಕೊಂಡಳು. ಬಾಗಿಲಲ್ಲಿ ನಿಂತು, ಹೊರಗೆ ನೋಡುತ್ತ, ದನಿ ತಗ್ಗಿಸಿ ಹೇಳಿದಳು: "ಒದಿಬ್ಯಾಡ, ಅಷ್ಟ."

ಮರುದಿನ ಮೈದಾನದ ಡೇರೆಯಲ್ಲಿ ಉಳಿದವರು ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಅವಳು ನಾಗಲಿಂಗಪ್ಪನಿಗೆ ಹೇಳಿದಳು: "ಇವತ್ತ ಒದಿಯೂದುಲ್ರಿ ನಾನು."

"ಏನಂದ್ರಿ? ಒದಿಯೂದಕ್ಕ ಅಲ್ಲೇನ್ರಿ ಮಂದಿ ಬಂದದ್ದು! ಅದಿಲ್ಲಂದ್ರ ಗುಂಡವ್ವ ಬರೇ ಒಬ್ಬಾಕಿ ಮುದಿಕಿ." ಆಮೇಲೆ ಅವಳ ಮುಖ ನೋಡಿ ಮೆತ್ತಗಾದ. "ಊರಾಗ ಯಾರರ ಏನರ ಅಂದ್ರೇನು? ಅಂದವರ ಮೊದ್ಲ ನಗ್ತಾರ, ನೋಡಕೋತ ಇರ್ರಿ."

ರಾಣಿಯ ಕಿರೀಟ ಇಟ್ಟುಕೊಂಡ ಬಾಳವ್ವ ಹತ್ತಿರ ಬಂದು, "ಅಕ್ಕಾರ, ಕೀಲಿ ಕೊಡೂ ಮುಂದ ಮಾರಿ ಯಾವ ಕಡೆ ತಿರುಗಸ್ತಿದ್ರಿ ನೀವು?" ಎಂದು ಕೇಳಿದಳು. ಚಲೋ ಹುಡುಗಿ, ಕಲಿಯುವ ಆಸೆಯಿಂದ ಕೇಳಿದ್ದಳು. ಸಾವಂತ್ರವ್ವ ನೆನಪು ಮಾಡಿಕೊಳ್ಳಲು ಹೋದಳು. ಎಷ್ಟು ಊರುಗಳಲ್ಲಿ ಆ ಕೀಲಿ ಕೊಟ್ಟಿದ್ದಳು. ಬಲಕ್ಕೋ ಎಡಕ್ಕೋ? ಏನೂ ಬರಲಿಲ್ಲ. "ನಿನಗ ಹೆಂಗ ಅನಿಸ್ತೈತಿ ಹಂಗ ಮಾಡವ್ವಾ" ಎಂದು ಬಿಳಿ ಕೂದಲು ತಲೆಗೇರಿಸಿದಳು.

ಹಗಲಿನ ಆಟವಾದ್ದರಿಂದ ಡೇರೆಯ ಬಟ್ಟೆಯ ಮೂಲಕ ಹಳದಿ ಬೆಳಕು ಎಲ್ಲರ ಮೇಲೂ ಒಂದೇ ಸಮ ಬಿದ್ದಿತ್ತು. ಮುಂದೆ ಕುರ್ಚಿಗಳಿರಲಿಲ್ಲ, ಚಾಪೆ ಹಾಸಿದ್ದರು. ವಿಂಗಿನ ಸಂದಿಯಿಂದ ನೋಡಿದಳು. ಸೆರಗು ಹೊದ್ದ ತಲೆಗಳು, ಮೊಲೆಯೂಡಿಸುವವರು, ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವವರು. ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಅಕ್ಕ ಬಂದಿದ್ದಾಳೋ ಇಲ್ಲವೋ ಕಾಣಲಿಲ್ಲ. ಬಂದಿರದಿದ್ದರೆ ಒದೆಯಬಹುದೇ? ಕಾಣದ ಕಡೆ ಒದ್ದರೆ ಒದೆಯಲ್ಲವೇ? ಬೆಳಗಾವಿಯಲ್ಲಿ ಇಷ್ಟು ದಿನ ಒದ್ದದ್ದು ಯಾರಿಗೆ? ನಾಯಿ ಎಂದರೆ ನಾಯಿ ಆಗಿಬಿಡುತ್ತದೆಯೇ? ಪೇಟಿ ಶುರುವಾಯಿತು. ಯಾರೋ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದರು.

ಗುಂಡವ್ವ ಓರೆಯಾಗಿ ಒಳಗೆ ಬಂದಳು. ಇಡೀ ಡೇರೆ ಒಂದೇ ಉಸಿರಿಗೆ ನಕ್ಕಿತು. ಅವಳು ಎಡಕ್ಕೆ ಬಗ್ಗಿ ಮಾತಾಡಿದಳು, ನಕ್ಕರು, ಬೈದಳು, ನಕ್ಕರು. ರಂಗದ ನಡುವೆ ಬಂದು, ಒದೆಯುವ ಜಾಗದಲ್ಲಿ ನಿಂತಳು. ಒದೆಯುವುದಿಲ್ಲ ಎಂದುಕೊಂಡಳು. ಈ ಜಾಗದಲ್ಲಿ ಸುಮ್ಮನೆ ಬಗ್ಗಿ, ನಾಯಿಗೆ ಕೈಮುಗಿದು, ಮುಂದೆ ಹೋಗುವುದೆಂದು ಇಡೀ ಹೊತ್ತು ಲೆಕ್ಕ ಹಾಕಿಕೊಂಡಿದ್ದಳು. ಜನ ಕಾಯುತ್ತಿದ್ದರು. ಅವರ ಕಾಯುವಿಕೆ ಅವಳ ಮೊಣಕಾಲಿನ ತನಕ ನೀರಿನ ಹಾಗೆ ಏರಿತು. ಬಗ್ಗಿದಳು, ಕೈಮುಗಿಯಲು ಕೈ ಎತ್ತಿದಳು. ಅಷ್ಟರಲ್ಲಿ "ಹಚ್ಚಾ!" ಎಂಬುದು ಕೇಳಿಸಿತು, ಅದು ತನ್ನ ಬಾಯಿಂದಲೇ ಬಂತೆಂದು ತಿಳಿಯುವ ಮುಂಚೆ ಎಡಗಾಲು ಗಾಳಿಯನ್ನು ಒದ್ದಿತ್ತು. ನಗು ಸಿಡಿಯಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಹಾಗೆ ಬಿದ್ದು ಏಳುವ ತಲೆಗಳ ನಡುವೆ ಒಂದು ತಲೆ ಅಲ್ಲಾಡದೆ ಇರುವುದು ಅವಳಿಗೆ ಕಂಡಿತು.

ಭರಮವ್ವ ಮೂರನೆಯ ಸಾಲಿನಲ್ಲಿದ್ದಳು. ಅಷ್ಟು ಇಕ್ಕಟ್ಟಿನಲ್ಲೂ ಅವಳ ಎಡಗಡೆ ಚಾಪೆಯ ಮೇಲೆ ಒಂದು ಕೂಸಿನಷ್ಟು ಜಾಗ ಖಾಲಿ ಇತ್ತು. ನಗುತ್ತ ಹೊರಳಾಡುವವರು ಅದರ ಮೇಲೆ ಬೀಳದ ಹಾಗೆ ಅವಳು ಮೊಣಕೈ ಅಡ್ಡ ಇಟ್ಟಿದ್ದಳು. ಇನ್ನೊಂದು ಕೈಯನ್ನು, ಬಿಸಿಲು ಬಡಿಯದಂತೆ ತಲೆಯ ಮೇಲೆ ಹಿಡಿಯುವ ಹಾಗೆ, ಆ ಖಾಲಿ ಜಾಗದ ಮೇಲೆ ಹಿಡಿದಿದ್ದಳು.

ರಂಗದ ಅಂಚಿನಿಂದ ಸಾವಂತ್ರವ್ವ ಕೆಳಗಿಳಿದಳು. ಇಳಿಯಬೇಕೆಂದು ಅಂದುಕೊಂಡಿರಲಿಲ್ಲ. ಗುಂಡವ್ವ ತಮ್ಮ ನಡುವೆಯೇ ಬಂದಳೆಂದು ಹೆಂಗಸರು ಕೂಗಿ, ಚಪ್ಪಾಳೆ ತಟ್ಟಿ, ಮೈ ಸರಿಸಿ ದಾರಿ ಕೊಟ್ಟರು. ಯಾರೋ ಅವಳ ಬಿಳಿ ಕೂದಲು ಮುಟ್ಟಿದರು. ವಿಂಗಿನಿಂದ ನಾಗಲಿಂಗಪ್ಪ, "ಬಾಯಾರ, ಏನ್ರಿ ಇದು, ಮ್ಯಾಲ ಬರ್ರಿ" ಎನ್ನುತ್ತಿದ್ದ. ಅವಳು ಅಕ್ಕನ ಮುಂದೆ ಹೋಗಿ ನಿಂತು, ಅಕ್ಕನ ಮುಖ ನೋಡಲಾರದೆ, ಆ ಖಾಲಿ ಜಾಗಕ್ಕೆ ಬಗ್ಗಿ, "ತಪ್ಪಾತೋ ನಮ್ಮಪ್ಪಾ" ಎಂದಳು. ಜನ ಅದಕ್ಕೂ ನಕ್ಕರು. ಹೇಳಿದ್ದು ತಾನೋ ಗುಂಡವ್ವನೋ? ದನಿಯಲ್ಲಿ ಏನಾದರೂ ವ್ಯತ್ಯಾಸವಿತ್ತೋ? ನಾಳೆಯಿಂದ ಇದನ್ನೂ ಇಟ್ಟುಕೊಳ್ಳಿ ಎಂದು ಮಾಲಕ ಹೇಳಬಹುದು ಎಂಬ ಯೋಚನೆ ಆ ಕ್ಷಣದಲ್ಲೂ ಬಂತು, ಮತ್ತು ಅದು ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಭರಮವ್ವ ತಲೆ ಎತ್ತಿ ತಂಗಿಯನ್ನು ನೋಡಿದಳು. ಆಮೇಲೆ ಅಡ್ಡ ಇಟ್ಟಿದ್ದ ಮೊಣಕೈ ತೆಗೆದಳು.

"ನಿಂತ್ರ ಹಿಂದಿನವರಿಗೆ ಕಾಣೂದುಲ್ಲ. ಕುಂದರು" ಎಂದಳು.

"ಇಲ್ಲೆ? ಜಾಗಾ..."

"ಕುಂದರು. ಅಂವಾ ನಿನ್ನ ತೊಡಿ ಮ್ಯಾಲ ಕುಂದರ್ತಾನ."

ಸಾವಂತ್ರವ್ವ ಸೀರೆ ಮೊಣಕಾಲಿನಿಂದ ಕೆಳಗಿಳಿಸಿಕೊಂಡು, ಆ ಇಷ್ಟೇ ಇಷ್ಟು ಜಾಗದಲ್ಲಿ ಮೈ ಹಿಡಿಮಾಡಿ ಕೂತಳು. ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಡಲು ಹೋಗಿ ನಡುದಾರಿಯಲ್ಲೇ ನಿಲ್ಲಿಸಿದಳು. ನಗು ಮೆಲ್ಲಗೆ ಇಳಿಯಿತು. ಪೇಟಿಯವನು ಅದೇ ಸಾಲನ್ನು ಮತ್ತೆ ಮತ್ತೆ ಬಾರಿಸುತ್ತಿದ್ದ. ಎದುರಿಗೆ ರಂಗ ಖಾಲಿ ಇತ್ತು. ಸುತ್ತಲಿನ ಹೆಂಗಸರು, ಪಕ್ಕದಲ್ಲೇ ಕೂತವಳು ಇನ್ನು ಗುಂಡವ್ವನಲ್ಲವೆಂಬಂತೆ, ಕತ್ತು ಉದ್ದ ಮಾಡಿ, ಗುಂಡವ್ವ ಇನ್ನು ಯಾವ ಕಡೆಯಿಂದ ಬರುತ್ತಾಳೆ ಎಂದು ನೋಡತೊಡಗಿದರು. ಅವರ ಜೊತೆ ಅವಳೂ ನೋಡುತ್ತ ಕೂತಳು.